ಮೈಕಿನ ಕಾಕಾನ ಪ್ಲೇಟುಗಳು ಇನ್ನು ಯಾರಿಗೆ?

ಪೋಸ್ಟ್ ಉದ್ದ ಐತಿ, ಮೊದಲೇ ಹೇಳಿಬಿಡ್ತೀನಿ. ಪುರುಸೊತ್ತು ಇದ್ದಾಗ ಓದ್ರಿ, ಆದ್ರೆ ಪೂರ್ತಿ ಓದ್ರಿ.

ಒಂದು ತಿಂಗಳಿಂದ ಪ್ರತಿ ಭಾನುವಾರ ಹಾವೇರಿಯಿಂದ ರಾಣೇಬೆನ್ನೂರಿಗೆ ಬಸ್ ಹತ್ತಿ ಹೋಗಿಬರ್ತಿದ್ದೀನಿ. ಯಾಕೆ ಅಂತ ಗೊತ್ತಾದ ಮೇಲೆ ಒಬ್ಬ ಗೆಳೆಯ ಗ್ರೂಪಿನಲ್ಲಿ ಬರೆದಿದ್ದ: "ಚಳವಳಿ ಬಿಟ್ಟು ಹಳೇ ಹಾಡು ಕೇಳಾಕ ಹೊಂಟಾನ ನೋಡ್ರಿ. ಅದೂ ಮ್ಯಾಲಿನವರ ಸಂಗೀತ." ಅವನ ಮೇಲೆ ಸಿಟ್ಟಿಲ್ಲ. ಮೊದಲನೇ ಭಾನುವಾರ ನಾನೂ ಹಂಗೇ ಅಂದ್ಕೊಂಡಿದ್ದೆ. ಇದು ಅವನಿಗೆ ಉತ್ತರ ಅಂತಾನೂ ತಿಳ್ಕೊಳ್ಳಿ.

ರಾಣೇಬೆನ್ನೂರಿನ ನಮ್ಮವರ ಓಣಿಯೊಂದರಲ್ಲಿ ಒಬ್ಬ ಹಿರಿಯ ಇದ್ದಾರೆ. ವಯಸ್ಸು 80 ದಾಟಿದೆ. ಹೆಸರು ಹಾಕಬೇಡ ಅಂದಿದ್ದಾರೆ, ಅದಕ್ಕೆ ಎಲ್ಲರೂ ಕರೆಯೋ ಹಾಗೆ ಮೈಕಿನ ಕಾಕಾ ಅಂತಲೇ ಬರೀತೀನಿ. ಮನೆಯಲ್ಲಿ ಇರೋದೇ ಎರಡು ಕೋಣೆ. ಅದರಲ್ಲಿ ಒಂದರ ತುಂಬ ಗ್ರಾಮಫೋನ್ ಪ್ಲೇಟು, ಎಲ್‌ಪಿ ರಿಕಾರ್ಡು, ಕ್ಯಾಸೆಟ್ಟು. ಕಟ್ಟಿಗೆ ಪೆಟ್ಟಿಗೆ, ತಗಡಿನ ಟ್ರಂಕು, ಎಣ್ಣೆ ಡಬ್ಬಿ ಬಂದ ರಟ್ಟಿನ ಡಬ್ಬ, ಎಲ್ಲದರಲ್ಲೂ ಅವೇ. ಕಾಕಾ ಮಲಗೋದು ಅವುಗಳ ನಡುವೆ ಹಾಸಿದ ಚಾಪೆ ಮೇಲೆ.

ಕರೆಸಿದ್ದು ಕಾಕಾ ಅಲ್ಲ, ಅವರ ಮಗ. ಬೀಜದ ಕಂಪನಿಯ ಗೋಡೌನಿನಲ್ಲಿ ದುಡಿಯೋ ಮನುಷ್ಯ, ಹೆಚ್ಚು ಮಾತಿಲ್ಲ. "ಅಣ್ಣಾ, ಮಗಳು ಸೆಕೆಂಡ್ ಪಿಯು ಅದಾಳ. ಓದಾಕ ಜಾಗಾ ಇಲ್ಲ. ಅಡಗಿ ಮನ್ಯಾಗ ಕುಂತು ಓದ್ತಾಳ. ಅಪ್ಪಗ ಹೇಳಿದ್ರ ಸಿಟ್ಟಿಗೇಳ್ತಾನ. ಇವನ್ನ ಎಲ್ಲಿಗರ ಕೊಡ್ಸು. ಗುಜರಿಗೆ ಹಾಕಾಕ ನನಗ ಮನಸಿಲ್ಲ, ಇಟ್ಕೊಳ್ಳಾಕ ಜಾಗಾ ಇಲ್ಲ."

ಸಮಸ್ಯೆ ಇಷ್ಟು. ನೇರ ಹೇಳ್ತೀನಿ, ಆ ಹುಡುಗಿಯ ಓದು ಒಂದು ಕಡೆ, ಪ್ಲೇಟು ಒಂದು ಕಡೆ ಅಂತ ಬಂದ್ರೆ ನನ್ನ ಕೈ ಹುಡುಗಿ ಕಡೆಗೇ ಎತ್ತೋದು. ಬಾಬಾಸಾಹೇಬರ ಹೆಸರು ಹೇಳೋರು ಬೇರೆ ಕಡೆ ಎತ್ತೋಕಾಗಲ್ಲ. ಪ್ಲೇಟು ಹೊರಗೆ ಬರಲೇಬೇಕು. ಹೊರಗೆ ಅಂದ್ರೆ ಎಲ್ಲಿಗೆ ಅನ್ನೋದಷ್ಟೇ ಪ್ರಶ್ನೆ.

ಇವು ಕಾಕಾನ ಕೈಗೆ ಬಂದಿದ್ದು ಹೇಗೆ ಅನ್ನೋದು ಮೊದಲು ತಿಳೀಬೇಕು. ಶಾಲೆ ಬಿಟ್ಟ ಮೇಲೆ ಹುಡುಗನಾಗಿ ಬ್ಯಾಡಗಿಯ ಒಂದು ಮೈಕ್‌ಸೆಟ್ ಅಂಗಡಿ ಸೇರಿದರು. ಹಾರ್ನ್ ಹೊತ್ತು ಗಿಡ ಹತ್ತೋದು, ವೈರ್ ಎಳೆಯೋದು, ಬ್ಯಾಟರಿ ಹೊರೋದು ಅವರ ಕೆಲಸ. ಮದುವೆ, ಜಾತ್ರೆ, ನಾಟಕದ ಕಂಪನಿ, ಎಲೆಕ್ಷನ್, ಎಲ್ಲಕ್ಕೂ ಹೋಗ್ತಿದ್ದರು. ಸುಗ್ಗಿಯಲ್ಲಿ ಮೆಣಸಿನಕಾಯಿ ಪೇಟೆಗೆ ಜನ ಕೂಡಿದಾಗ ಅಲ್ಲೂ ಹಾರ್ನ್ ಕಟ್ಟುತ್ತಿದ್ದರು. ಒಂದು ದಿನ ಮಾಲಕ ಅಂಗಡಿ ಮುಚ್ಚಿದ. ಬಾಕಿ ಪಗಾರ ಕೇಳಿದರೆ ರೊಕ್ಕ ಇಲ್ಲ ಅಂತ ಒಂದು ಆಂಪ್ಲಿಫೈಯರ್, ಎರಡು ಹಾರ್ನ್, ಎರಡು ಪೆಟ್ಟಿಗೆ ಹಳೇ ಪ್ಲೇಟು ಕೊಟ್ಟು ಕಳಿಸಿದ. ಪಗಾರದ ಬದಲಿ ಬಂದ ಪ್ಲೇಟುಗಳವು. ಆಮೇಲೆ ರೇಡಿಯೋ ಬಂತು, ಟೇಪ್ ಬಂತು, ವಾಡೆಗಳಲ್ಲಿ, ವಕೀಲರ ಮನೆಗಳಲ್ಲಿ ಇದ್ದ ಪ್ಲೇಟುಗಳನ್ನು ಅಟ್ಟದಿಂದ ಇಳಿಸಿ ಗುಜರಿಗೆ ಹಾಕೋಕೆ ಶುರು ಮಾಡಿದರು. ಕಾಕಾ ಗುಜರಿ ಅಂಗಡಿಗಳಿಂದ ಕಿಲೋ ಲೆಕ್ಕದಲ್ಲಿ ತಂದರು. ನಮ್ಮ ಜನರ ಮನೆಗೆ ಸಂಗೀತ ಬಂದ ದಾರಿ ಇದು, ಗುಜರಿಯ ತಕ್ಕಡಿ ಮೇಲೆ.

ನಡುವೆ ಕೆಲವು ವರ್ಷ ಜಾಗ ಇಲ್ಲದೆ ಪೆಟ್ಟಿಗೆಗಳು ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋಡೌನಿನಲ್ಲಿ ಇದ್ದವಂತೆ. ಅಲ್ಲಿಯ ಘಾಟು ಕವರುಗಳಿಂದ ಇನ್ನೂ ಹೋಗಿಲ್ಲ. ಒಂದು ಪ್ಲೇಟು ಹೊರಗೆ ತೆಗೆದರೆ ಮೂರು ಸೀನು. ಆದರೆ ಗೆದ್ದಲು ಹತ್ತಿಲ್ಲ. ಅದಕ್ಕೂ ಮೆಣಸಿನಕಾಯೇ ಕಾರಣ ಅಂತಾರೆ ಕಾಕಾ. ಇದ್ದರೂ ಇರಬಹುದು.

ಮೈಕ್ ಹಾಕೋಕೆ ಹೋದಲ್ಲಿ ಹೇಗೆ ನಡೆಸ್ಕೊಳ್ತಿದ್ದರು ಅಂತ ಕೇಳಿದೆ. ಕಾಕಾ ನಕ್ಕರು. "ಹಾಡು ಗುಡಿ ಗರ್ಭಗುಡಿ ತನಕ ಹೋಗತಿತ್ತು ತಮ್ಮಾ. ನಾ ಗಿಡದ ಬುಡದಾಗ ಕುಂದರ್ತಿದ್ದೆ. ಊಟ ಗ್ವಾಡಿ ಹಿಂದ. ಮಶೀನ್ ಕೆಟ್ರ ಮಾತ್ರ ಒಳಗ ಕರೀತಿದ್ರು, ಅವಾಗ ಯಾರಿಗೂ ಮೈಲಿಗಿ ನೆನಪಿರತಿದ್ದಿಲ್ಲ."

ಈಗ ಪ್ಲೇಟಿನ ಚರಿತ್ರೆಗೆ ಬರ್ತೀನಿ. ಇದು ಗೊತ್ತಿಲ್ಲದೆ ಗೆಳೆಯನ 'ಮ್ಯಾಲಿನವರ ಸಂಗೀತ' ಅನ್ನೋ ಮಾತಿಗೆ ಉತ್ತರ ಸಿಗಲ್ಲ.

ನಿಮಿಷಕ್ಕೆ 78 ಸುತ್ತು ತಿರುಗೋ ಕರೀ ಪ್ಲೇಟು ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಅರಗಿನ ಹುಳ ಮುತ್ತುಗ, ಬಾರೆ ಮುಂತಾದ ಗಿಡಗಳ ಟೊಂಗೆ ಮೇಲೆ ಬಿಡೋ ಅಂಟನ್ನು ಕೆರೆದು, ಕಾಸಿ, ಸೋಸಿ, ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ, ಹತ್ತಿಯ ನಾರು ಕಲಸಿ ಒತ್ತಿದರೆ ಪ್ಲೇಟು. ಜಗತ್ತಿನ ಗ್ರಾಮಫೋನ್ ಕಂಪನಿಗಳಿಗೆಲ್ಲ ಅರಗು ಹೆಚ್ಚಾಗಿ ಹೋಗ್ತಿದ್ದದ್ದು ಭಾರತದಿಂದ, ಅದರಲ್ಲೂ ಛೋಟಾನಾಗಪುರದ ಕಾಡುಗಳಿಂದ. ಕೆರೀತಿದ್ದವರು ಆದಿವಾಸಿಗಳು. ಲಂಡನ್ನಿನ ದೊಡ್ಡ ಮನೆಯಲ್ಲಿ ಹಾಡಿದ ಪ್ಲೇಟಿನಲ್ಲೂ ಅವರ ಬೆವರಿತ್ತು, ಹೆಸರು ಮಾತ್ರ ಯಾವ ಲೇಬಲ್ಲಿನ ಮೇಲೂ ಇಲ್ಲ. ಅರಗು ಅಂದ ಕೂಡಲೇ ನಮಗೆ ನೆನಪಾಗೋದು ಮಹಾಭಾರತದ ಅರಗಿನ ಮನೆ. ಪಾಂಡವರು ಸುರಂಗದಲ್ಲಿ ಪಾರಾದರು ಅಂತ ಶಾಲೆಯಲ್ಲಿ ಕಲಿಸಿದರು. ಅವರ ಬದಲಿ ಒಳಗೆ ಸುಟ್ಟು ಬೂದಿಯಾದ ಬೇಡರ ಹೆಣ್ಣುಮಗಳು ಮತ್ತು ಅವಳ ಐದು ಮಕ್ಕಳ ಹೆಸರು ಪರೀಕ್ಷೆಗೆ ಯಾವತ್ತೂ ಬರಲಿಲ್ಲ.

ಭಾರತದಲ್ಲಿ ಮೊದಲ ಧ್ವನಿಮುದ್ರಣ ಆಗಿದ್ದು 1902ರ ನವೆಂಬರ್‌ನಲ್ಲಿ, ಕಲ್ಕತ್ತಾದಲ್ಲಿ. ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಅನ್ನೋನು ಯಂತ್ರ ಹೊತ್ತು ತಂದಿದ್ದ. ಹಾಡಿದವರು ಯಾರು? ಮರ್ಯಾದಸ್ತರ ಮನೆಯ ಹೆಣ್ಣುಮಕ್ಕಳಲ್ಲ. ಅವರು ಹೊರಗೆ ಹಾಡೋದೇ ಪಾಪ ಆಗಿತ್ತು. ದೊಡ್ಡ ದೊಡ್ಡ ಉಸ್ತಾದರೂ ಯಂತ್ರಕ್ಕೆ ಹಿಂಜರಿದರು. ಮುಂದೆ ಬಂದವರು ಗೌಹರ್ ಜಾನ್ ಥರದ ಕೋಠಿಯ ಹಾಡುಗಾರ್ತಿಯರು, ರಂಗದ ಹೆಣ್ಣುಮಕ್ಕಳು. ದಕ್ಷಿಣದಲ್ಲಿ ದೇವದಾಸಿ ಮನೆತನಗಳವರು, ನಮ್ಮ ಬೆಂಗಳೂರು ನಾಗರತ್ನಮ್ಮ ಸೇರಿ. ಒಂದು ಪ್ಲೇಟಿಗೆ ಸಿಗೋದು ಮೂರು, ಮೂರೂವರೆ ನಿಮಿಷ. ತಾಸುಗಟ್ಟಲೆ ಹಾಡೋ ರಾಗವನ್ನು ಮೂರು ನಿಮಿಷಕ್ಕೆ ಇಳಿಸೋ ಕಲೆ ಈ ಹೆಣ್ಣುಮಕ್ಕಳು ಕಲಿತರು. ಹಾಡು ಮುಗಿದ ಮೇಲೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತನ್ನ ಹೆಸರು ತಾನೇ ಕೂಗಿ ಹೇಳ್ತಾಳೆ. ಆಗ ಪ್ಲೇಟು ಅಚ್ಚಾಗ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಯಾರದು ಯಾವ ಪ್ಲೇಟು ಅಂತ ತಿಳೀಲಿ ಅಂತ ಆ ಪದ್ಧತಿ. ನನಗೆ ಆ ಕೂಗು ಕೇಳಿದಾಗಲೆಲ್ಲ ಬೇರೆ ಏನೋ ಅನಿಸುತ್ತೆ. ಸಭ್ಯರು ಹೆಸರು ಹೇಳೋಕೆ ನಾಚ್ಕೊಳ್ತಿದ್ದ ಒಬ್ಬ ಹೆಂಗಸು ತನ್ನ ಹೆಸರು ತಾನೇ ಕೂಗಿದಳು. ಕೊನೆಗೆ ಆಕೆ ನಮ್ಮ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡಳು.

ನಮ್ಮ ಕಡೆಯ ಅಮೀರ್‌ಬಾಯಿ ಕರ್ನಾಟಕಿಯೂ ಹಂಗೇ. ಬೀಳಗಿಯ ಬಡ ಮುಸ್ಲಿಂ ಕಲಾವಿದರ ಮನೆಯಿಂದ ಬಂದು, 1943ರ 'ಕಿಸ್ಮತ್' ಸಿನಿಮಾ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದಳು. ವಿಜಯಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದಳು. ರಹಮತ್ ತರೀಕೆರೆ ಸರ್ ಆಕೆಯ ಬಗ್ಗೆ ಪುಸ್ತಕ ಬರೆಯದೆ ಇದ್ದಿದ್ದರೆ ನಮ್ಮ ತಲೆಮಾರಿಗೆ ಆಕೆಯ ಹೆಸರೇ ಗೊತ್ತಾಗ್ತಿರಲಿಲ್ಲ.

ಅಂದಮೇಲೆ ಗೆಳೆಯಾ, ಇದು ಯಾರ ಸಂಗೀತ? ಪ್ಲೇಟು ಕೊಂಡವರು ಮೇಲಿನವರು, ಹೌದು. ಹಾಡಿದವರು?

ಎರಡನೇ ಭಾನುವಾರ ಕಾಕಾ ಒಂದು ಪ್ಲೇಟನ್ನು ಬೇರೆಯಾಗಿ ತೆಗೆದು ತೋರಿಸಿದರು. ಹಳೇ ಧೋತರದ ತುಂಡಿನಲ್ಲಿ ಸುತ್ತಿಟ್ಟಿದ್ದರು. ನಾಯಿ ಛಾಪಿನದು. ಲೇಬಲ್ ಮೇಲೆ ಗಾಂಧಾರಿ, ಹುಬ್ಬಳ್ಳಿ ಅಂತ ಇದೆ. "ಯಾರಿಕಿ ಗೊತ್ತೈತೇನು?" ಅಂದರು. ನನಗೆ ಗೊತ್ತಿರಲಿಲ್ಲ. ಗಂಗೂಬಾಯಿ ಹಾನಗಲ್. 1932ರ ಆಸುಪಾಸು ಎಚ್‌ಎಂವಿಯವರು ಮುಂಬೈಗೆ ಕರೆಸಿ ಮುದ್ರಿಸಿಕೊಂಡ ಮೊದಲ ಪ್ಲೇಟುಗಳಲ್ಲಿ ಈ ಹೆಸರಿದೆ. ಹಾಕಿ ಕೇಳಿದರೆ ನಂಬೋಕಾಗಲ್ಲ. ನಾವು ಆಕಾಶವಾಣಿಯಲ್ಲಿ ಕೇಳಿದ ಗಡಸು, ಗಂಭೀರ ಗಂಟಲಲ್ಲ. ತೆಳ್ಳನೆಯ, ಎತ್ತರದ ಹುಡುಗಿ ದನಿ. ಆಮೇಲೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ದನಿ ಬದಲಾಯ್ತು. ಬದಲಾಗೋ ಮೊದಲಿನ ದನಿ ಈ ಅರಗಿನಲ್ಲಿ ಮಾತ್ರ ಉಳಿದಿದೆ.

ಹಾನಗಲ್ ನಮ್ಮ ಜಿಲ್ಲೆಯ ತಾಲೂಕು, 1997ರಲ್ಲಿ ಹಾವೇರಿ ಜಿಲ್ಲೆ ಆದಮೇಲೆ. ಅದು ಗಂಗೂಬಾಯಿಯವರ ಹಿರಿಯರ ಊರು. ಅವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಗಂಗಾಮತ, ಅಂದರೆ ಅಂಬಿಗರ ಮನೆತನ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ದೊಡ್ಡ ಹಾಡುಗಾರ್ತಿ. ಮಗಳು ಹಿಂದೂಸ್ತಾನಿ ಕಲಿಯೋಕೆ ಶುರು ಮಾಡಿದಾಗ ಅವಳಿಗೆ ಗೊಂದಲ ಆಗಬಾರದು ಅಂತ ತಾನು ಹಾಡೋದನ್ನೇ ಬಿಟ್ಟಳು. ಧಾರವಾಡದ ಶುಕ್ರವಾರಪೇಟೆಯಲ್ಲಿ ಸುತ್ತ ಬ್ರಾಹ್ಮಣರ ಮನೆ. ಪಕ್ಕದ ಹಿತ್ತಲಿನ ಮಾವಿನಕಾಯಿ ಕಿತ್ತಿದ್ದಕ್ಕೆ ಹಾಡುವವಳ ಮಗಳು ತೋಟಕ್ಕೆ ಬಂದಳು ಅಂತ ಬೈಸಿಕೊಂಡಿದ್ದನ್ನು ಅವರು ಮುಪ್ಪಿನಲ್ಲೂ ನೆನೀತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ಸು, ಗಾಂಧಿ ಅಧ್ಯಕ್ಷತೆ ವಹಿಸಿದ ಒಂದೇ ಅಧಿವೇಶನ. ಅಲ್ಲಿ 11 ವರ್ಷದ ಈ ಹುಡುಗಿ ಸ್ವಾಗತದ ಹಾಡು ಹಾಡಿದಳು. ಅಷ್ಟು ದೊಡ್ಡ ಸಭೆಯ ಎದುರು ನಿಂತ ಹುಡುಗಿಗೆ ಹೆದರಿಕೆ ಯಾವುದು ಅಂತೀರಿ? ಹಾಡು ತಪ್ಪೀತು ಅಂತಲ್ಲ. ಊಟ ಆದಮೇಲೆ ಕೆಳಜಾತಿಯವಳು ಅಂತ ಎಂಜಲು ಬಳಿಯೋಕೆ ಹಚ್ಚಿದರೆ ಏನು ಮಾಡೋದು ಅಂತ! ಇದನ್ನು ಅವರೇ ಹೇಳಿಕೊಂಡಿದ್ದಾರೆ. ಶಾಲೆಯ ಬಿಸಿಯೂಟದಲ್ಲಿ ಬೇರೆ ಸಾಲಿನಲ್ಲಿ ಕೂತು ಬಂದ ನಮ್ಮ ಮಕ್ಕಳಿಗೆ ಈ ಹೆದರಿಕೆ ವಿವರಿಸಿ ಹೇಳಬೇಕಾಗಿಲ್ಲ.

2002ರಲ್ಲಿ ಪದ್ಮವಿಭೂಷಣ ಬಂತು. 2009ರಲ್ಲಿ ತೀರಿಕೊಂಡರು. ಧಾರವಾಡದಲ್ಲಿ ಅವರು ಹುಟ್ಟಿದ ಮನೆಯನ್ನು ಸರ್ಕಾರ ಸ್ಮಾರಕ ಮಾಡಿತು. ಆಮೇಲೆ ಅದು ಮಳೆಗೆ ಸೋರಿ, ಗೋಡೆ ಬಿದ್ದ ಫೋಟೋ ಪೇಪರಿನಲ್ಲಿ ನೋಡಿದ್ದೀವಿ. ಪದ್ಮವಿಭೂಷಣದವರ ಮನೆಗೇ ಆ ಗತಿ. ಮೈಕಿನ ಕಾಕಾನ ಪೆಟ್ಟಿಗೆಗಳನ್ನು ಕೇಳೋರು ಯಾರು?

ಇಲ್ಲಿಗೆ ನನ್ನ ವಾದ ಗೆದ್ದಿತು ಅಂತ ಅನ್ಕೋಬೇಡಿ. ಮೂರನೇ ಭಾನುವಾರ ಪಟ್ಟಿ ಮಾಡ್ತಾ ಮಾಡ್ತಾ ಒಂದು ವಿಷಯ ಕಣ್ಣಿಗೆ ಹೊಡೀತು. ಅಂಬಿಗರ ಮಗಳಿದ್ದಾಳೆ, ಮುಸ್ಲಿಂ ಬಾಯಿಯರಿದ್ದಾರೆ, ದೇವದಾಸಿ ಮನೆತನದವರಿದ್ದಾರೆ, ಮನ್ಸೂರರ, ಕುಂದಗೋಳದ ಸವಾಯಿ ಗಂಧರ್ವರ ಪ್ಲೇಟುಗಳಿವೆ, ನಾಟಕದ ಹಾಡಿವೆ, ರಾಜ್‌ಕುಮಾರ್ ಸಿನಿಮಾ ಹಾಡು ಸಾಲುಗಟ್ಟಲೆ ಇವೆ. ನಮ್ಮವರಿಲ್ಲ. ಹಲಗೆ ಇಲ್ಲ. ಚೌಡಿಕೆ ಇಲ್ಲ. ಊರಿಗೆ ಊರೇ ಯಾವುದರ ಸದ್ದಿಗೆ ಏಳ್ತಿತ್ತೋ, ಹೆಣ ಯಾವುದರ ಸದ್ದಿನ ಹಿಂದೆ ಹೋಗ್ತಿತ್ತೋ, ಅದು ಒಂದೇ ಒಂದು ಪ್ಲೇಟಿನಲ್ಲೂ ಇಲ್ಲ. ಅಂಗಡಿಗೆ ಹೋಗಿ ಪ್ಲೇಟು ಕೊಳ್ಳೋ ಶಕ್ತಿ ಇದ್ದವರಿಗೆ ಏನು ಬೇಕಿತ್ತೋ ಕಂಪನಿ ಅದನ್ನು ಮುದ್ರಿಸಿತು. ಹಲಗೆ ಅವರ ಮನೆ ಮುಂದೆ ಪುಕ್ಕಟೆ ಬಾರಿಸ್ತಿತ್ತಲ್ಲ, ಕೊಳ್ಳೋದ್ಯಾಕೆ?

ಇದನ್ನು ಕಾಕಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ಲೇಟಿನ್ಯಾಗ ಹುಡುಕಿದ್ರ ಎಲ್ಲಿ ಸಿಕ್ಕೀತು? ಕ್ಯಾಸೆಟ್ ನೋಡು" ಅಂದರು.

ಕ್ಯಾಸೆಟ್ ಬಂದಮೇಲೆ ಲೋಕ ಬದಲಾಯ್ತು. ಅಲ್ಲಿ ತನಕ ದನಿ ಮುದ್ರಿಸೋಕೆ ಕಂಪನಿ ಬೇಕು, ಮುಂಬೈ, ಮದ್ರಾಸ್ ಬೇಕು. ಟೇಪ್ ರೆಕಾರ್ಡರ್ ಬಂದಮೇಲೆ ಒಂದು ಖಾಲಿ ಕ್ಯಾಸೆಟ್ಟು, ಒಂದು ಕೆಂಪು ಬಟನ್ ಸಾಕು. ಮಹಾರಾಷ್ಟ್ರದಲ್ಲಿ ವಾಮನದಾದಾ ಕರ್ಡಕರ ಭೀಮಗೀತೆಗಳು ವಸ್ತಿಯಿಂದ ವಸ್ತಿಗೆ ಹೋದವು. ನಮ್ಮಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ ಬೆಳೆದ ಕಾಲ ಅದು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಪುಸ್ತಕವನ್ನು ಓದಿದವರಿಗಿಂತ ಹಾಡಿದವರೇ ಹೆಚ್ಚು. ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರು ಹುಟ್ಟಿದ ಹರಿಹರ ರಾಣೇಬೆನ್ನೂರಿನಿಂದ ಹೊಳೆ ದಾಟಿದರೆ ಸಿಗೋ ಊರು. ಈ ಭಾಗದ ಸಭೆಗಳಿಗೆ ಮೈಕ್ ಹಾಕಿದವರು ಯಾರು? ನಮ್ಮ ಕಾಕಾ. ಕೆಲವು ಕಡೆ ಬಾಡಿಗೆ ಸಿಕ್ತು, ಕೆಲವು ಕಡೆ ಇಲ್ಲ. "ಕೃಷ್ಣಪ್ಪನವರು ಮಾತಾಡಿದ್ದೂ ಒಂದ ಕ್ಯಾಸೆಟ್ಟಿನ್ಯಾಗ ಇತ್ತು" ಅಂತಾರೆ. ಇತ್ತು ಅಂತಾರೆ. ನಾಲ್ಕು ಭಾನುವಾರದಲ್ಲಿ ನನಗಿನ್ನೂ ಸಿಕ್ಕಿಲ್ಲ. ಅರ್ಧ ಕ್ಯಾಸೆಟ್ಟುಗಳ ಮೇಲಿನ ಚೀಟಿ ಉದುರಿಹೋಗಿದೆ. ಒಂದೊಂದನ್ನೂ ಹಾಕಿ ಕೇಳೋದೇ ದಾರಿ, ಅದಕ್ಕೆ ನಡೆಯೋ ಟೇಪ್ ರೆಕಾರ್ಡರ್ ಬೇಕು.

ಸಿಕ್ಕಿದ್ದು ಇನ್ನೊಂದು. ಚೀಟಿ ಮೇಲೆ ಬಾಲ್‌ಪೆನ್ನಿನಲ್ಲಿ '14-4-91' ಅಂತ ಬರೆದಿತ್ತು. ಬಾಬಾಸಾಹೇಬರ ಜನ್ಮಶತಮಾನೋತ್ಸವ. ಆ ಜಯಂತಿ ನನಗೆ ಚೆನ್ನಾಗಿ ನೆನಪಿದೆ, ಪ್ರೈಮರಿ ಶಾಲೆಯಲ್ಲಿದ್ದೆ, ಮೊದಲ ಬಾರಿ ನೀಲಿ ಬಾವುಟ ಹಿಡಿದಿದ್ದೆ. ಗೆಳೆಯರೊಬ್ಬರ ಮನೆಯಿಂದ ತಂದ ಟೇಪ್ ರೆಕಾರ್ಡರ್‌ಗೆ ಹಾಕಿದೆ. ಮೊದಲು ಹಲಗೆ. ಆಮೇಲೆ ಯಾರೋ ಹಲೋ ಹಲೋ ಅಂದರು. ಆಮೇಲೆ ಹೆಂಗಸರು ಸೋಬಾನದ ಧಾಟಿಯಲ್ಲಿ ಬಾಬಾಸಾಹೇಬರ ಮೇಲೆ ಕಟ್ಟಿದ ಹಾಡು. ಮುಂದೆ ಹೇಳಿಕೊಡ್ತಿದ್ದ ದನಿ ನನ್ನ ದೊಡ್ಡವ್ವನದು.

ದೊಡ್ಡವ್ವ ತೀರಿಕೊಂಡು ಬಹಳ ವರ್ಷ ಆಯ್ತು. ಅವಳದು ನಮ್ಮ ಹತ್ತಿರ ಇರೋದು ಮತದಾರರ ಚೀಟಿಯ ಫೋಟೋ ಒಂದೇ. ಓದು ಬರಹ ಇರಲಿಲ್ಲ. ಕಂಡೋರ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿ ಬಿಡಿಸಿ ಅವಳ ಬೆರಳು ಉರಿಯೋದು ಮಳೆಗಾಲ ಬಂದರೂ ನಿಲ್ತಿರಲಿಲ್ಲ. ನಾಲ್ಕು ನಿಮಿಷ ಹಾಡಿದ್ದಾಳೆ. ಐದನೇ ನುಡಿಯ ನಟ್ಟನಡುವೆ ಟಕ್ ಅಂತ ಸದ್ದಾಗಿ ಒಂದು ಸಿನಿಮಾ ಡ್ಯುಯೆಟ್ ಶುರುವಾಗುತ್ತೆ. ಕ್ಯಾಸೆಟ್ ಮುಗಿಯೋ ತನಕ ಬರೀ ಸಿನಿಮಾ ಹಾಡು.

ಕಾಕಾನ ಮುಖ ನೋಡಿದೆ. ಅವರು ನೆಲ ನೋಡ್ತಿದ್ದರು. "ಮದಿವಿ ಪಾರ್ಟಿಯವ್ರು ಹೊಸಾ ಹಾಡ ಬೇಕ ಅಂದ್ರು. ಖಾಲಿ ಕ್ಯಾಸೆಟ್ ಇದ್ದಿಲ್ಲ, ಕೊಳ್ಳಾಕ ರೊಕ್ಕ ಇದ್ದಿಲ್ಲ. ಜಯಂತಿ ಮುಂದಿನ ವರ್ಷನೂ ಬರ್ತೈತಿ, ನಿಮ್ಮ ದೊಡ್ಡವ್ವ ಮತ್ತ ಹಾಡ್ತಾಳ ಅನ್ಕೊಂಡಿದ್ದೆ."

ನಾನು ಏನೂ ಹೇಳಲಿಲ್ಲ. ಏನು ಹೇಳೋಕಾಗುತ್ತೆ? ಪಗಾರದ ಬದಲಿ ಪ್ಲೇಟು ತಗೊಂಡ ಮನುಷ್ಯ ಅವರು. ಆ ನಾಲ್ಕು ನಿಮಿಷವನ್ನು ಮೊಬೈಲಿಗೆ ಇಳಿಸಿಕೊಂಡೆ. ಬಸ್ಸಿನಲ್ಲಿ ಕಿವಿಗೆ ಹಾಕ್ಕೊಂಡು ಕೂತವನು ಮೋಟೆಬೆನ್ನೂರು ದಾಟಿದ್ದು ಗೊತ್ತಾಗಲಿಲ್ಲ.

ಬಾಬಾಸಾಹೇಬರ ಸ್ವಂತ ದನಿಯೇ ನಮಗೆ ಎಷ್ಟು ಉಳಿದಿದೆ ಯೋಚನೆ ಮಾಡ್ರಿ. 1955ರ ಬಿಬಿಸಿ ಸಂದರ್ಶನವನ್ನೇ ಮತ್ತೆ ಮತ್ತೆ ಹಂಚಿಕೊಳ್ತೀವಿ. ಅಷ್ಟು ವರ್ಷ ಅಷ್ಟು ಸಭೆಗಳಲ್ಲಿ ಗುಡುಗಿದ ಮನುಷ್ಯ. ಬರಹ ಉಳಿದಿದ್ದೂ ಸುಮ್ಮನೆ ಅಲ್ಲ. ಅವರು ಕಣ್ಣು ಮುಚ್ಚಿದ್ದು ದೆಹಲಿಯ ಅಲಿಪುರ ರಸ್ತೆಯ 26ನೇ ನಂಬರ್ ಮನೆಯಲ್ಲಿ. ಅವರ ಕಾಗದ ಪತ್ರಗಳು ಅಲ್ಲೇ ಇದ್ದವು. 1967ರ ಜನವರಿಯಲ್ಲಿ ಸವಿತಾ ಅಂಬೇಡ್ಕರ್ ಊರಲ್ಲಿ ಇಲ್ಲದಾಗ ಮನೆ ಖಾಲಿ ಮಾಡಿಸೋಕೆ ಬಂದವರು ಕಾಗದಗಳನ್ನು ಹೊರಗೆ ಅಂಗಳಕ್ಕೆ ಸುರಿದರು. ಮಳೆ ಬಂತು. ಎಷ್ಟು ಹಾಳಾಯ್ತೋ ಲೆಕ್ಕ ಇಟ್ಟವರಿಲ್ಲ. ಉಳಿದಿದ್ದು ಸರ್ಕಾರಿ ಕಸ್ಟಡಿಯಲ್ಲಿ ಪೆಟ್ಟಿಗೆಗಳಲ್ಲಿ ಬಿದ್ದಿತ್ತು. ಅದನ್ನು ಹೊರಗೆ ತರೋಕೆ ನಮ್ಮ ಜನ ಹೋರಾಡಬೇಕಾಯ್ತು. ವಸಂತ ಮೂನ್ ಅನ್ನೋ ಕಂದಾಯ ಇಲಾಖೆಯ ಅಧಿಕಾರಿ ಆ ಕಾಗದಗಳ ಮುಂದೆ ಕೂತು ಒಂದೊಂದೇ ಜೋಡಿಸಿದರು. 1979ರಿಂದ ಮಹಾರಾಷ್ಟ್ರ ಸರ್ಕಾರ ಸಂಪುಟಗಳನ್ನು ತಂದಿತು. ಇವತ್ತು ನಾವು ಕನ್ನಡದಲ್ಲಿ ಓದೋ ಅಂಬೇಡ್ಕರ್ ಸಂಪುಟಗಳಿಗೂ ಅದೇ ಬುನಾದಿ. ನಮ್ಮಂಥ ಫೈಲ್ ಹೊರೋ ನೌಕರರಿಗೆ ವಸಂತ ಮೂನ್ ಅಂದರೆ ಬಹಳ ದೊಡ್ಡ ಹೆಸರು. ಭಾಷಣ ಮಾಡೋದೇ ಚಳವಳಿ ಅಂತಿಲ್ಲ, ಪಟ್ಟಿ ಮಾಡೋದೂ ಚಳವಳಿಯೇ.

ತಮಿಳುನಾಡಿನ ಕೋಟೈಯೂರಿನ ರೋಜಾ ಮುತ್ತಯ್ಯ ಬೋರ್ಡ್ ಬರೆಯೋ ಕಲಾವಿದ. ಆಯುಷ್ಯವಿಡೀ ತಮಿಳು ಪುಸ್ತಕ, ಪತ್ರಿಕೆ, ನಾಟಕದ ನೋಟಿಸು, ಮದುವೆ ಕರೆಯೋಲೆ ಎಲ್ಲ ಕೂಡಿಹಾಕಿದರು. ಲಕ್ಷದಷ್ಟು ವಸ್ತು. 1992ರಲ್ಲಿ ತೀರಿಕೊಂಡರು. ಸಂಗ್ರಹ ಚೂರುಚೂರಾಗಿ ಮಾರಾಟ ಆಗೋದನ್ನು ತಪ್ಪಿಸಿ 1994ರಲ್ಲಿ ಕೊಂಡದ್ದು ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯ. ಅವರದೊಂದು ಒಳ್ಳೆಯತನ, ಅದನ್ನು ಹೊತ್ತೊಯ್ಯಲಿಲ್ಲ. ಚೆನ್ನೈನಲ್ಲೇ ಗ್ರಂಥಾಲಯ ಮಾಡಿದರು, ಇವತ್ತಿಗೂ ನಡೀತಿದೆ. ಕೇರಳದ ಪ್ಲಾಶನಾಲ್‌ನಲ್ಲಿ ಸನ್ನಿ ಮ್ಯಾಥ್ಯೂ ಅನ್ನೋರು ತಮ್ಮ ಪ್ಲೇಟು, ಮಶೀನುಗಳಿಗೆ 2015ರಲ್ಲಿ ತಾವೇ ಮ್ಯೂಸಿಯಂ ಮಾಡಿಕೊಂಡರು. ಸ್ವಂತ ಜಾಗ ಇದ್ದವರು ಮಾಡ್ತಾರೆ. ಎರಡು ಕೋಣೆಯ ಮನೆಯವರು ಏನು ಮಾಡಬೇಕು?

ಕಾಕಾನ ಹತ್ತಿರವೂ ಕೊಳ್ಳೋರು ಬಂದಿದ್ದರು. ಕಾರಿನಲ್ಲಿ ಬಂದ ಒಬ್ಬ ಹಳೇ ಸಾಮಾನಿನ ವ್ಯಾಪಾರಿಗೆ ಹಿತ್ತಾಳೆ ಹಾರ್ನಿನ ಗ್ರಾಮಫೋನ್ ಒಂದು, ನಾಯಿ ಚಿತ್ರದ ಪ್ಲೇಟು ಐವತ್ತು ಬೇಕಿತ್ತು. ಯಾವ ಹಾಡು ಅಂತ ಕೇಳಲಿಲ್ಲ. ಹೋಟೆಲ್ ಗೋಡೆಗೆ ಹಾಕೋಕಂತೆ. ಎಲ್‌ಪಿಗಳನ್ನು ಕಾಸಿ ಗಡಿಯಾರ, ಬಟ್ಟಲು ಮಾಡ್ತಾರಂತೆ. ಕಾಕಾ ಅವನಿಗೆ ಚಹಾ ಕುಡಿಸಿ ಕಳಿಸಿದರು. ಮಗನಿಗೆ ಆ ರೊಕ್ಕದ ಲೆಕ್ಕ ಇನ್ನೂ ತಲೆಯಲ್ಲಿದೆ. ಅವನದೂ ತಪ್ಪಲ್ಲ.

ಇನ್ನೊಂದು ಅನಾಹುತ ಹ್ಯಾಗಾಯ್ತು ಕೇಳ್ರಿ. 2020ರ ಲಾಕ್‌ಡೌನ್‌ನಲ್ಲಿ ಮೊಮ್ಮಗಳು, ಆಗಿನ್ನೂ ಸಣ್ಣವಳು, ಅಜ್ಜನಿಗೆ ಸಹಾಯ ಮಾಡ್ತೀನಿ ಅಂತ ಸ್ಯಾನಿಟೈಜರ್ ಹಾಕಿ ಪ್ಲೇಟು ಒರೆಸಿದಳು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತೆ. ಮೂರು ಪ್ಲೇಟಿನ ಗೆರೆಗಳು ಮೇಣದ ಹಾಗೆ ಕಲಸಿಹೋದವು. ನಿಮ್ಮ ಮನೆಯಲ್ಲಿ ಹಳೇ ಪ್ಲೇಟು ಇದ್ದರೆ ದಯಮಾಡಿ ಸ್ಪಿರಿಟ್, ಸ್ಯಾನಿಟೈಜರ್ ಮುಟ್ಟಿಸಬೇಡಿ. ಒಂದರ ಮೇಲೊಂದು ಪೇರಿಸಲೂಬೇಡಿ, ನಿಲ್ಲಿಸಿ ಇಡಿ.

ನನ್ನ ಮುಂದೆ ಇರೋ ದಾರಿಗಳು ಕೆಲವೇ. ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯ ಇದೆ, ನಮ್ಮ ಜಿಲ್ಲೆಯದೇ. ಕ್ಯಾಸೆಟ್ಟುಗಳಿಗಾದರೂ ಅದು ಸರಿಯಾದ ಮನೆ ಅಂತ ನನಗನ್ನಿಸುತ್ತೆ. ಆದರೆ ಬರಿಗೈಲಿ ಹೋಗಿ ಹಳೇ ಕ್ಯಾಸೆಟ್ ಅದಾವ್ರಿ ಅಂದರೆ ಯಾವ ಕಚೇರಿಯೂ ಕುರ್ಚಿ ಕೊಡಲ್ಲ. ಟೇಬಲ್ಲಿನ ಆ ಕಡೆ ಕೂತು ನಾನೇ ಎಷ್ಟು ಜನರಿಗೆ ಪಟ್ಟಿ ಲಗತ್ತಿಸಿ ತನ್ನಿ ಅಂದಿದ್ದೀನಿ. ಅದಕ್ಕೇ ಈ ಭಾನುವಾರಗಳು. ಒಂದು ದೊಡ್ಡ ರಿಜಿಸ್ಟರ್ ಕೊಂಡು ಗೆರೆ ಹಾಕಿದ್ದೀನಿ: ಕ್ರಮ ಸಂಖ್ಯೆ, ಕಂಪನಿ, ಪ್ಲೇಟಿನ ನಂಬರು, ಹಾಡಿದವರು, ಭಾಷೆ, ಸ್ಥಿತಿ, ಷರಾ. 214 ಆಗಿದೆ. ಇನ್ನೂ ಎರಡು ಪಟ್ಟು ಇರಬಹುದು.

ಎರಡನೇ ದಾರಿ, ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸೋದು. ಬೆಂಗಳೂರು, ಮುಂಬೈಗಳಲ್ಲಿ ಈ ಕೆಲಸ ಮಾಡಿದ ಆಸಕ್ತರಿದ್ದಾರೆ. ಕಾನೂನಿನ ತೊಡಕು ಹಳೇ ಪ್ಲೇಟುಗಳಿಗೆ ಕಡಿಮೆ, 1957ರ ಕಾಪಿರೈಟ್ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1932ರ ಗಾಂಧಾರಿ ಮೇಲೆ ಈಗ ಯಾವ ಕಂಪನಿಯ ಹಕ್ಕೂ ಇಲ್ಲ. ಮೂರನೇದು ನಮ್ಮ ಅಂಬೇಡ್ಕರ್ ಭವನಗಳು. ಜಯಂತಿಗೆ, ಮದುವೆಗೆ ಬಾಗಿಲು ತೆರೆಯೋ ಕಟ್ಟಡದಲ್ಲಿ ಒಂದು ಕೋಣೆ, ನಾಲ್ಕು ಕಪಾಟು ಕೊಟ್ಟರೆ ಸಾಕು. ಆ ಮಾತು ಎತ್ತಿದಾಗ ಸಭೆಯಲ್ಲಿ ಒಬ್ಬರು, "ಸೋರ್ತೈತಿ" ಅಂದರು. ನಿಜ, ಸೋರುತ್ತೆ. ಸೋರೋದನ್ನು ನಿಲ್ಲಿಸಬೇಕು ಅಂತ ಠರಾವು ಮಾಡೋಣ ಅಂದೆ. ಎಲ್ಲರೂ ಚಹಾಕ್ಕೆ ಎದ್ದರು.

ದೊಡ್ಡ ತಕರಾರು ಕಾಕಾನದೇ. ಅವರದು ಒಂದೇ ಷರತ್ತು. "ಹಾಡಬೇಕು ಅವು. ಗಾಜಿನ ಕಪಾಟಿನ್ಯಾಗ ಇಡೂದಾದ್ರ ಬ್ಯಾಡ, ನನ್ನ ಜೋಡಿ ಹುಗದು ಬಿಡ್ರಿ." ನಾನು ಹೇಳಿದೆ, ಉಕ್ಕಿನ ಮುಳ್ಳು ಪ್ರತಿ ಸಲ ಗೆರೆ ತಿನ್ನುತ್ತೆ, ದಿನಾ ಹಾಡಿಸಿದರೆ ಹತ್ತು ವರ್ಷಕ್ಕೆ ಬರೀ ಕರಕರ ಉಳಿಯುತ್ತೆ, ಕಂಪ್ಯೂಟರಿಗೆ ಇಳಿಸಿ ಅದನ್ನು ಹಾಡಿಸೋಣ, ಪ್ಲೇಟು ಜೋಪಾನ ಇಡೋಣ ಅಂತ. "ನಿಮ್ಮ ದೊಡ್ಡವ್ವನ ಹಾಡು ಮೊಬೈಲಿನ್ಯಾಗ ಹಾಕ್ಕೊಂಡಿ. ಎಷ್ಟ ಮಂದಿಗಿ ಕೇಳ್ಸಿದಿ?" ಅಂದರು. ಕುಟುಂಬದ ಗ್ರೂಪಿಗೆ ಹಾಕಿದ್ದೆ. ಅಷ್ಟೇ. "ನಾ ಹಾರ್ನ್ ಕಟ್ಟಿ ಮೂರು ಊರಿಗಿ ಕೇಳಸ್ತಿದ್ದೆ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ನಾನು ಪ್ಲೇಟು ಜೋಪಾನ ಮಾಡೋ ಪಕ್ಷವೇ. ಆದರೆ ಬರೋ ಏಪ್ರಿಲ್ 14ಕ್ಕೆ ಆ ನಾಲ್ಕು ನಿಮಿಷವನ್ನು ನಮ್ಮ ಓಣಿಯಲ್ಲಿ ಹಾರ್ನ್ ಕಟ್ಟಿಯೇ ಹಾಕೋದು ಅಂತ ಇಬ್ಬರೂ ಒಪ್ಪಿದ್ದೀವಿ. ಡಿಜೆ ಬೇಡ ಅಂತ ಹುಡುಗರನ್ನು ಒಪ್ಪಿಸೋ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಅದು ವಿಶ್ವವಿದ್ಯಾಲಯವನ್ನು ಒಪ್ಪಿಸೋದಕ್ಕಿಂತ ಕಷ್ಟ.

ಈಗ ಬೇಕಾಗಿರೋದು ಹೇಳ್ತೀನಿ. ನಡೆಯೋ ಸ್ಥಿತಿಯ ಕ್ಯಾಸೆಟ್ ಟೇಪ್ ರೆಕಾರ್ಡರ್ ಒಂದು, ಯಾರ ಅಟ್ಟದ ಮೇಲಾದರೂ ಇದ್ದರೆ ಹೇಳಿ. 78ರ ಪ್ಲೇಟು ಹಾಕೋ ಟರ್ನ್‌ಟೇಬಲ್ ಇದ್ದವರು ಹಾವೇರಿ, ಹುಬ್ಬಳ್ಳಿ, ದಾವಣಗೆರೆ ಕಡೆ ಯಾರಾದರೂ ಗೊತ್ತಿದ್ದರೆ ತಿಳಿಸಿ. ಹಾವೇರಿಯಲ್ಲಿ ಸೋರದ ಒಂದು ಕೋಣೆ, ಬಾಡಿಗೆಗಾದರೂ ಸರಿ, ವರ್ಷದ ಮಟ್ಟಿಗೆ. ಅಕ್ಷರ ಚೆನ್ನಾಗಿರೋ ಇಬ್ಬರು ಹುಡುಗ ಹುಡುಗಿಯರು, ಭಾನುವಾರ ರಿಜಿಸ್ಟರ್ ಬರೆಯೋಕೆ. ಮತ್ತೆ, 80, 90ರ ದಶಕದ ಸಭೆಗಳ ಕ್ಯಾಸೆಟ್ಟು ನಿಮ್ಮ ಮನೆಯಲ್ಲೂ ಇದ್ದಾವು. ಅವುಗಳ ಮೇಲೆ ಈಗ ಯಾರೂ ಸಿನಿಮಾ ಹಾಡು ತುಂಬಲ್ಲ, ಬೂಸ್ಟು ಮಾತ್ರ ತಾನೇ ಬೆಳೆಯುತ್ತೆ. ಹುಡುಕಿ.

ಮೊಮ್ಮಗಳ ಪರೀಕ್ಷೆ ಹತ್ತಿರ ಬಂದಿದೆ. ಹೋದ ವಾರ ನಾನು ಹೋದಾಗ ಕಾಕಾ ತಾವೇ ನಾಲ್ಕು ಪೆಟ್ಟಿಗೆ ಜರುಗಿಸಿ, ಕಿಟಕಿ ಪಕ್ಕ ಒಬ್ಬರು ಕೂರೋಷ್ಟು ಜಾಗ ಮಾಡಿದ್ದರು. ಹುಡುಗಿ ಅಲ್ಲಿ ಕೂತು ಭೌತಶಾಸ್ತ್ರ ಓದ್ತಿದ್ದಳು, ನಡುನಡುವೆ ಸೀನ್ತಿದ್ದಳು.

ಜೈ ಭೀಮ್.